ಎರಡು ಔಷಧ ಕೂಡಿಸಿದರೆ ಗುಣ ಡಬಲ್ ಆಗುತ್ತದಾ? ಮುಂದುವರಿದ ಸ್ತನ ಕ್ಯಾನ್ಸರ್ ಮತ್ತು ಜೋಡಿ ಔಷಧದ ಪರೀಕ್ಷೆ

ಹೋದ ತಿಂಗಳು ಬ್ಯಾಡಗಿಯಿಂದ ನಮ್ಮ ವೈನಿ ಒಂದು ಕಾಗದದ ಕಟ್ಟು ಹಿಡಿದುಕೊಂಡು ಧಾರವಾಡಕ್ಕೆ ಬಂದಿದ್ದರು. ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಕೊಟ್ಟದ್ದು. ಹದಿನಾಲ್ಕು ಪುಟ, ಪುಣ್ಯಕ್ಕೆ ಕನ್ನಡದಲ್ಲೇ ಇತ್ತು. ಅವರ ಸ್ತನ ಕ್ಯಾನ್ಸರ್ ಎಲುಬಿಗೆ ಹಬ್ಬಿದೆ. ಈಗಿನ ಗುಳಿಗೆಯ ಜೊತೆ ಇನ್ನೊಂದು ಹೊಸ ಗುಳಿಗೆ ಕೂಡಿಸಿ ಕೊಡುವ ಪರೀಕ್ಷೆ ನಡೆದಿದೆ, ಸೇರುತ್ತೀರಾ ಎಂದು ಡಾಕ್ಟರ್ ಕೇಳಿದ್ದರಂತೆ.

"ಅಂದ್ರ ನನ್ನ ಮ್ಯಾಲೆ ಪ್ರಯೋಗ ಮಾಡ್ತಾರೇನು?" ಅಂದರು ವೈನಿ. ಅವರ ಮಗನದ್ದು ಬೇರೆ ಲೆಕ್ಕ. "ಕಾಕಾ, ಒಂದರ ಬದಲಿ ಎರಡು ಔಷಧ ಅಂದ್ರ ಡಬಲ್ ಗುಣ ಆಗಬೇಕಲ್ಲ?"

ಇಬ್ಬರ ಪ್ರಶ್ನೆಯೂ ಸರಿಯಾದದ್ದೇ, ಆದರೆ ಒಂದು ಮಾತಿನಲ್ಲಿ ಮುಗಿಯುವ ಉತ್ತರ ಯಾವುದಕ್ಕೂ ಇಲ್ಲ. ನಾನು ಡಾಕ್ಟರ್ ಅಲ್ಲ. ಅವತ್ತು ಸಂಜೆ ಕೂತು ಓದಿದ್ದು, ಆಮೇಲೆ ಹುಡುಕಿ ತಿಳಿದುಕೊಂಡದ್ದು, ಎರಡನ್ನೂ ಇಲ್ಲಿ ಬಿಡಿಸಿ ಬರೆದಿದ್ದೇನೆ. ಭಾರತದ ಹೆಂಗಸರಲ್ಲಿ ಈಗ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಲ್ಲಿ ಆ ಒಂದು ವರ್ಷಕ್ಕೇ ಸುಮಾರು 1.92 ಲಕ್ಷ ಹೊಸ ರೋಗಿಗಳು. ಇಂಥ ಕಾಗದ ನಮ್ಮ ಮನೆಗೊಂದೇ ಬಂದಿರಲಿಕ್ಕಿಲ್ಲ.

## "ಮುಂದುವರಿದದ್ದು" ಅಂದರೆ ಏನು?

ಗಡ್ಡೆ ಸ್ತನದಲ್ಲಿ, ಹೆಚ್ಚೆಂದರೆ ಕಂಕುಳದ ಗಂಟುಗಳಲ್ಲಿ ಇದ್ದಾಗ ಆಪರೇಷನ್ ಮಾಡಿ ತೆಗೆಯುತ್ತಾರೆ. ಅದು ರಕ್ತದ ದಾರಿ ಹಿಡಿದು ಎಲುಬು, ಲಿವರ್, ಪುಪ್ಪುಸ, ಮಿದುಳಿಗೆ ಹೋಗಿ ಕೂತರೆ ನಾಲ್ಕನೇ ಸ್ಟೇಜ್ ಅನ್ನುತ್ತಾರೆ. ಈ ಬರಹದಲ್ಲಿ ಮುಂದುವರಿದದ್ದು ಅಂದಾಗೆಲ್ಲ ಅದೇ ಅರ್ಥ.

ಕಾಂಗ್ರೆಸ್ ಕಸ ನೋಡಿದ್ದೀರಲ್ಲ? ಹಿತ್ತಲಿನ ಒಂದು ಮೂಲೆಯಲ್ಲಿ ಇದ್ದಾಗ ಬೇರು ಸಮೇತ ಕಿತ್ತು ಹಾಕಬಹುದು. ಬೀಜ ಗಾಳಿಗೆ ಹಾರಿ ಊರ ಹೊಲಕ್ಕೆಲ್ಲ ಬಿದ್ದ ಮೇಲೆ ಹಿತ್ತಲಿನ ಗಿಡ ಕಿತ್ತರೆ ಸಾಲದು. ಇನ್ನೊಂದು ಮಾತು. ಬದುವಿನಲ್ಲಿ ಹುಟ್ಟಿದರೂ ರಸ್ತೆ ಬದಿಗೆ ಹುಟ್ಟಿದರೂ ಅದು ಕಾಂಗ್ರೆಸ್ ಕಸವೇ. ಹಾಗೆಯೇ ಎಲುಬಿನಲ್ಲಿ ಕೂತರೂ ಇದು ಎಲುಬಿನ ಕ್ಯಾನ್ಸರ್ ಅಲ್ಲ, ಸ್ತನದ್ದೇ. ಔಷಧವೂ ಸ್ತನ ಕ್ಯಾನ್ಸರಿನದ್ದೇ ಬೇಕು, ಮತ್ತು ಅದು ಮೈತುಂಬ ಓಡಾಡುವಂಥದ್ದಾಗಿರಬೇಕು.

ಈ ಹಂತದಲ್ಲಿ ರೋಗವನ್ನು ಪೂರ್ತಿ ಕಿತ್ತುಹಾಕುವುದು ಹೆಚ್ಚಿನವರಲ್ಲಿ ಆಗುವುದಿಲ್ಲ. ಅದನ್ನು ಹಿಡಿದು ನಿಲ್ಲಿಸುವುದು, ತ್ರಾಸು ಕಡಿಮೆ ಮಾಡುವುದು, ಆಯುಷ್ಯ ಹೆಚ್ಚಿಸುವುದು, ಇವೇ ಚಿಕಿತ್ಸೆಯ ಗುರಿ. ಕೇಳಲು ಕಠಿಣ, ನಿಜ. ಆದರೆ ಮುಂದೆ ಬರುವ ತಿಂಗಳುಗಳ ಲೆಕ್ಕ ಅರ್ಥವಾಗಲು ಇದು ಗೊತ್ತಿರಬೇಕು.

## ಹೆಸರು ಒಂದು, ಜಾತಿ ಬೇರೆ

ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಅಕ್ಷರಗುಚ್ಛ ಇರುತ್ತವೆ. ಬಹಳ ಜನ ಅದನ್ನು ಬಿಟ್ಟು ಕೊನೆಯ ಸಾಲು ಓದುತ್ತಾರೆ. ಯಾವ ಔಷಧ, ಯಾವ ಜೋಡಿ ಅನ್ನುವುದೆಲ್ಲ ನಿಂತಿರುವುದು ಆ ಮೂರರ ಮೇಲೆ.

ಇಆರ್, ಪಿಆರ್ ಪಾಸಿಟಿವ್ ಇದ್ದರೆ ಆ ಗಡ್ಡೆ ಹೆಣ್ಣಿನ ಹಾರ್ಮೋನು ಕುಡಿದು ಬೆಳೆಯುವಂಥದ್ದು. ಹೆಚ್ಚಿನವರದ್ದು ಈ ಜಾತಿ, ವೈನಿಯದ್ದೂ ಇದೇ. ಹರ್-2 ಪಾಸಿಟಿವ್ ಅಂದರೆ ಕೋಶದ ಮೇಲ್ಮೈಯಲ್ಲಿ "ಬೆಳೆ, ಬೆಳೆ" ಎಂದು ಹೇಳುವ ಒಂದು ಪ್ರೋಟೀನು ಅತಿಯಾಗಿದೆ ಎಂದರ್ಥ. ಮೂರೂ ನೆಗೆಟಿವ್ ಇದ್ದರೆ ಟ್ರಿಪಲ್ ನೆಗೆಟಿವ್. ಅಲ್ಲಿ ಗುರಿಯಿಟ್ಟು ಹೊಡೆಯಲು ಈ ಮೂರರಲ್ಲಿ ಯಾವುದೂ ಸಿಗದ ಕಾರಣ ಕಿಮೋ ಮೇಲೆ ಜಾಸ್ತಿ ಅವಲಂಬನೆ.

ಹಾಗಾಗಿ ಪಕ್ಕದ ಬೆಡ್ಡಿನವರಿಗೆ ಕೊಟ್ಟ ಔಷಧ ನಮಗೇಕೆ ಕೊಡಲಿಲ್ಲ ಅನ್ನುವ ಪ್ರಶ್ನೆಗೆ ಬಹಳ ಸಲ ಉತ್ತರ ಈ ಮೂರು ಅಕ್ಷರಗಳಲ್ಲೇ ಇರುತ್ತದೆ.

## ಒಂದೇ ಔಷಧ ಯಾಕೆ ಸಾಲದು?

ಇದನ್ನು ಹತ್ತಿ ಬೆಳೆದವರಿಗೆ ಹೇಳುವುದು ಸುಲಭ. 2002ರಲ್ಲಿ ಬಿಟಿ ಹತ್ತಿ ಬಂತು. ಅದರಲ್ಲಿ ಕಾಯಿಕೊರಕದ ಹುಳ ಸಾಯಿಸುವ ಒಂದು ಜೀನ್ ಇತ್ತು. ಲಕ್ಷ ಹುಳಗಳಲ್ಲಿ ಎಲ್ಲೋ ಒಂದೆರಡು ಆ ವಿಷ ತಡೆದುಕೊಳ್ಳಬಹುದು. ಉಳಿದವು ಸಾಯುತ್ತವೆ, ಆ ಒಂದೆರಡರ ಸಂತಾನ ಬೆಳೆಯುತ್ತದೆ. 2006ರಲ್ಲಿ ಎರಡು ಜೀನ್ ಇರುವ ಬಿಟಿ ಬಂತು. ಒಂದನ್ನು ತಡೆದುಕೊಂಡ ಹುಳ ಇನ್ನೊಂದಕ್ಕೆ ಸಾಯುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ.

ಕ್ಯಾನ್ಸರ್ ಗಡ್ಡೆಯಲ್ಲೂ ಇದೇ ಕತೆ. ಅದರಲ್ಲಿ ಕೋಟಿಗಟ್ಟಲೆ ಕೋಶ ಇರುತ್ತವೆ, ಎಲ್ಲವೂ ಒಂದೇ ಥರ ಇರುವುದಿಲ್ಲ. ಒಂದು ಔಷಧಕ್ಕೆ ಬಗ್ಗದ ಕೆಲವು ಮೊದಲೇ ಅಲ್ಲಿ ಕೂತಿರುತ್ತವೆ. ಔಷಧ ಉಳಿದವನ್ನು ಸಾಯಿಸಿ ಅವಕ್ಕೇ ಜಾಗ ಮಾಡಿಕೊಡುತ್ತದೆ. ಸ್ಕ್ಯಾನ್‌ನಲ್ಲಿ ಮೊದಲು ಗಡ್ಡೆ ಕುಗ್ಗಿ, ಕೆಲವು ತಿಂಗಳ ಮೇಲೆ ಮತ್ತೆ ಎದ್ದು ಬರುವುದು ಹೀಗೆ.

ವೈದ್ಯರು ಈ ಪಾಠ ಕಲಿತದ್ದು ಕ್ಷಯದಿಂದ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು, ಕೆಲವೇ ತಿಂಗಳಲ್ಲಿ ಹಲವರಲ್ಲಿ ರೋಗಾಣು ಆ ಔಷಧಕ್ಕೆ ಬಗ್ಗದಂತಾಯಿತು. ಇನ್ನೊಂದು ಔಷಧ ಕೂಡಿಸಿದಾಗ ಹಾಗಾಗುವುದು ಬಹಳ ಕಡಿಮೆಯಾಯಿತು. ಇವತ್ತು ನಮ್ಮೂರ ಸರಕಾರಿ ದವಾಖಾನೆಯಲ್ಲಿ ಟಿಬಿಗೆ ಮೊದಲ ಎರಡು ತಿಂಗಳು ನಾಲ್ಕು ಔಷಧ ಒಟ್ಟಿಗೆ ಕೊಡುವುದು ಇದೇ ಕಾರಣಕ್ಕೆ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ 1960ರ ದಶಕದಲ್ಲಿ ನಾಲ್ಕು ಔಷಧ ಕೂಡಿಸಲು ಧೈರ್ಯ ಮಾಡಿದವರ ತಲೆಯಲ್ಲೂ ಟಿಬಿಯ ಉದಾಹರಣೆ ಇತ್ತು.

ಹತ್ತಿಯ ಕತೆಯ ಕೊನೆ ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಎರಡು ಜೀನ್ ಇದ್ದರೂ ಗುಲಾಬಿ ಕಾಯಿಕೊರಕ ಕೊನೆಗೆ ಎರಡನ್ನೂ ಜೀರ್ಣಿಸಿಕೊಂಡಿತು.

## ಜೋಡಿ ಹೇಗೆ ಕೆಲಸ ಮಾಡುತ್ತದೆ?

ಬ್ಯಾಡಗಿಯವರಿಗೆ ಗೊತ್ತು, ಬರೀ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿದರೆ ಬಣ್ಣ ಬರುತ್ತದೆ, ಖಾರ ಅಷ್ಟಿರುವುದಿಲ್ಲ. ಹಾಗಂತ ಇನ್ನೆರಡು ಕಿಲೋ ಬ್ಯಾಡಗಿಯನ್ನೇ ಸುರಿದರೆ ಉಪಯೋಗವಿಲ್ಲ, ಗುಂಟೂರು ಬೆರೆಸಬೇಕು. ಬೇರೆ ಬೇರೆ ಕೆಲಸ ಮಾಡುವುದನ್ನು ಕೂಡಿಸಬೇಕು, ಅಲ್ವಾ?

ವೈನಿಯ ಜಾತಿಯ ಕ್ಯಾನ್ಸರಿಗೆ ಈಗಾಗಲೇ ಬಳಕೆಯಲ್ಲಿರುವ ಒಂದು ಜೋಡಿ ನೋಡಿ. ಲೆಟ್ರೊಝೋಲ್ ಗುಳಿಗೆ ಮುಟ್ಟು ನಿಂತವರ ಮೈಯಲ್ಲಿ ಹಾರ್ಮೋನು ತಯಾರಾಗುವುದನ್ನೇ ತಡೆಯುತ್ತದೆ. ಬೋರಿನ ಮೋಟರ್ ಬಂದ್ ಮಾಡಿದ ಹಾಗೆ. ಆದರೆ ಗಡ್ಡೆ ಕಳ್ಳದಾರಿಯಿಂದ ನೀರು ತಂದುಕೊಳ್ಳುತ್ತದೆ. ಆಗ ಹೊಲದೊಳಗಿನ ವಾಲ್ವನ್ನೂ ಬಿಗಿಯಬೇಕು. ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್ ಎಂಬ ಗುಳಿಗೆಗಳು ಮಾಡುವುದು ಅದನ್ನು. ಕೋಶ ಎರಡಾಗಿ ಒಡೆಯಲು ಕೊಡುವ ಒಳಗಿನ ಅಪ್ಪಣೆಯನ್ನೇ ತಡೆಯುತ್ತವೆ.

ಎಲ್ಲ ಜೋಡಿಗಳೂ ಹೀಗೆ ಕೈಕೈ ಹಿಡಿದು ದುಡಿಯುತ್ತವೆ ಅಂದುಕೊಳ್ಳಬೇಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕೆಲವರಿಗೆ ಚಿಗರಿ ಎಂಬ ವೇಗದ ಬಸ್ ಅನುಕೂಲ, ಕೆಲವರಿಗೆ ಮನೆ ಹತ್ತಿರ ನಿಲ್ಲುವ ಸಾದಾ ಬಸ್. ಎರಡೂ ಓಡಿದರೆ ಹೆಚ್ಚು ಜನ ಹೊತ್ತಿಗೆ ಸರಿಯಾಗಿ ಮುಟ್ಟುತ್ತಾರೆ. ಆದರೆ ಚಿಗರಿ ಹೋಗಿ ಸಾದಾ ಬಸ್ಸನ್ನು ಹಿಂದಿನಿಂದ ದಬ್ಬುವುದಿಲ್ಲ. 2017ರಲ್ಲಿ ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು ಹಳೆಯ ಪರೀಕ್ಷೆಗಳನ್ನು ಮತ್ತೆ ತೆರೆದು ನೋಡಿ ಇದನ್ನೇ ಹೇಳಿದರು. ಹಲವು ಜೋಡಿಗಳ ಲಾಭ ಬಂದದ್ದು ಒಬ್ಬರಿಗೆ ಮೊದಲ ಔಷಧ, ಇನ್ನೊಬ್ಬರಿಗೆ ಎರಡನೆಯದು ತಾಗಿದ್ದರಿಂದ. ಯಾರಿಗೆ ಯಾವುದು ತಾಗುತ್ತದೆ ಎಂದು ಮೊದಲೇ ಗೊತ್ತಾಗದಿದ್ದಾಗ ಎರಡನ್ನೂ ಕೊಡುವುದರಲ್ಲಿ ಅರ್ಥವಿದೆ. ಆದರೆ ತಾಗದ ಔಷಧದ ಅಡ್ಡಪರಿಣಾಮವನ್ನೂ ಆ ಮನುಷ್ಯ ಸುಮ್ನೆ ಹೊರಬೇಕಾಗುತ್ತದೆ.

## ಜೋಡಿ ಎಡವಟ್ಟಾದಾಗ

"ಡಬಲ್" ಅನ್ನುವ ನಮ್ಮ ಹುಡುಗನ ಲೆಕ್ಕ ತಪ್ಪುವುದು ಇಲ್ಲೇ. ಗುಣ ಡಬಲ್ ಆಗದಿದ್ದರೂ ಅಡ್ಡಪರಿಣಾಮ ಅದಕ್ಕಿಂತ ಜಾಸ್ತಿಯೂ ಆಗಬಹುದು.

2001ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಹರ್-2 ಪಾಸಿಟಿವ್ ಇದ್ದ 469 ಹೆಂಗಸರಿದ್ದರು. ಅರ್ಧ ಜನರಿಗೆ ಬರೀ ಕಿಮೋ, ಉಳಿದವರಿಗೆ ಕಿಮೋ ಜೊತೆ ಟ್ರಾಸ್ಟುಝುಮ್ಯಾಬ್ ಎಂಬ ಇಂಜೆಕ್ಷನ್. ಜೋಡಿ ಪಡೆದವರು ಹೆಚ್ಚು ಕಾಲ ಬದುಕಿದರು, 20.3 ತಿಂಗಳ ಬದಲು 25.1 ತಿಂಗಳು. ಆ ಔಷಧದ ಹೆಸರು ಜಗತ್ತಿಗೇ ಗೊತ್ತಾಯಿತು. ಆದರೆ ಡಾಕ್ಸೊರುಬಿಸಿನ್ ಗುಂಪಿನ ಕಿಮೋ ಒಂದನ್ನೇ ಪಡೆದವರಲ್ಲಿ ನೂರಕ್ಕೆ 8 ಮಂದಿಗೆ ಹೃದಯದ ತೊಂದರೆ ಕಂಡಿದ್ದರೆ, ಅದರ ಜೊತೆ ಹೊಸ ಇಂಜೆಕ್ಷನ್ ಸೇರಿದಾಗ ಅದು ನೂರಕ್ಕೆ 27ಕ್ಕೆ ಏರಿತು. ಅಷ್ಟರ ಮಟ್ಟಿಗೆ ಏರುತ್ತದೆಂದು ಮೊದಲು ಯಾರೂ ಎಣಿಸಿರಲಿಲ್ಲ. ಈಗ ಆ ಎರಡನ್ನು ಒಟ್ಟಿಗೆ ಕೊಡುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ, ಇಂಜೆಕ್ಷನ್ ನಡೆಯುವಾಗ ಆಗಾಗ ಎಕೋ ಮಾಡಿಸುತ್ತಾರೆ.

ಇನ್ನೊಂದು ಪರೀಕ್ಷೆ 2003ರದ್ದು. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡು ಕಿಮೋಗಳನ್ನು ಒಟ್ಟಿಗೆ ಕೊಡಬೇಕೋ, ಒಂದು ಮುಗಿದ ಮೇಲೆ ಇನ್ನೊಂದೋ ಎಂಬ ಪ್ರಶ್ನೆ. ಒಟ್ಟಿಗೆ ಕೊಟ್ಟಾಗ ನೂರಕ್ಕೆ 47 ಜನರಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿತು, ಒಂದೊಂದೇ ಕೊಟ್ಟಾಗ ಸುಮಾರು 35 ಜನರಲ್ಲಿ. ಗೆದ್ದಿತು ಅನ್ನಿಸುತ್ತದಲ್ಲ? ಆದರೆ ಬದುಕಿದ ಕಾಲ ಹೆಚ್ಚಲಿಲ್ಲ, ದಿನನಿತ್ಯದ ಬದುಕೂ ಸುಧಾರಿಸಲಿಲ್ಲ. ಸ್ಕ್ಯಾನ್ ಚಂದ ಕಂಡಿತು, ಅಷ್ಟೇ.

ಇದಕ್ಕೇ ಪರೀಕ್ಷೆ ಬೇಕು. ತರ್ಕದಲ್ಲಿ ಚೊಕ್ಕ ಕೂಡಿದ ಜೋಡಿ ಮೈಯಲ್ಲಿ ಕೂಡದೆ ಹೋಗಬಹುದು.

## ಪರೀಕ್ಷೆ ನಡೆಯುವ ರೀತಿ

ಮೊದಲ ಹಂತದಲ್ಲಿ ಕೆಲವೇ ಜನ. ಕೇಳುವ ಪ್ರಶ್ನೆ "ಗುಣವಾಗುತ್ತದಾ" ಅಂತಲ್ಲ, "ಎಷ್ಟು ಕೊಟ್ಟರೆ ಮೈ ತಡೆಯುತ್ತದೆ" ಅಂತ. ಬಹಳ ಸಲ ಮೂರು ಜನರಿಗೆ ಸಣ್ಣ ಡೋಸ್ ಕೊಟ್ಟು ನೋಡುತ್ತಾರೆ, ಏನೂ ಗಂಭೀರ ಆಗದಿದ್ದರೆ ಮುಂದಿನ ಮೂವರಿಗೆ ಸ್ವಲ್ಪ ಏರಿಸುತ್ತಾರೆ. ಎರಡನೇ ಹಂತದಲ್ಲಿ ಗಡ್ಡೆಯ ಮೇಲೆ ಏನಾದರೂ ಪರಿಣಾಮ ಇದೆಯಾ ಎಂಬ ಗಮನ. ಮೂರನೇ ಹಂತ ನೂರಾರು, ಕೆಲವೊಮ್ಮೆ ಸಾವಿರಾರು ಜನರದ್ದು. ಹಳೆಯ ಚಿಕಿತ್ಸೆಗೂ ಹೊಸ ಜೋಡಿಗೂ ಎದುರುಬದುರು ಸ್ಪರ್ಧೆ. ವೈನಿಯ ಕಾಗದ ಈ ಮೂರನೇ ಹಂತದ್ದು.

ಇಲ್ಲಿ ಯಾರಿಗೆ ಯಾವುದು ಎಂದು ಡಾಕ್ಟರ್ ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ. ವೈನಿಗೆ ಇದು ಸ್ವಲ್ಪ ಸಿಟ್ಟು ತರಿಸಿತು. "ಚೀಟಿ ಎತ್ತಿ ಔಷಧ ಕೊಡ್ತಾರಂತ ನೋಡು!" ಅಂದರು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಾಯೋಗಿಕ ತಾಕುಗಳನ್ನು ನೆನಪಿಸಿದೆ. ಹೊಸ ಬೀಜವನ್ನು ಒಳ್ಳೆ ಎರೆ ಭೂಮಿಯಲ್ಲಿ ಹಾಕಿ, ಹಳೆ ಬೀಜವನ್ನು ಮಸಾರಿಯಲ್ಲಿ ಬಿತ್ತಿ, ಹೊಸದೇ ಚಲೋ ಎಂದರೆ ಯಾವ ರೈತ ಒಪ್ಪುತ್ತಾನೆ? ಅದಕ್ಕೆ ಅಲ್ಲಿ ಒಂದೇ ಹೊಲ ಸಣ್ಣ ತಾಕುಗಳಾಗಿ ಒಡೆದು ಯಾವುದಕ್ಕೆ ಯಾವ ಬೀಜ ಎಂದು ಚೀಟಿಯಿಂದಲೇ ಗೊತ್ತು ಮಾಡುತ್ತಾರೆ. ಡಾಕ್ಟರ್ ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ತಿಳಿಯದೆಯೇ ಹೊಸ ಔಷಧದ ಕಡೆ ಸೇರಿಬಿಡಬಹುದು. ಹಲವು ಪರೀಕ್ಷೆಗಳಲ್ಲಿ ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ. ಕಾರಣ ಅದೇ.

ಇನ್ನು ಎಲ್ಲರೂ ಹೆದರುವ "ಸಕ್ಕರೆ ಗುಳಿಗೆ", ಅಂದರೆ ಔಷಧವಿಲ್ಲದ ಹುಸಿಗುಳಿಗೆ. ಒಳ್ಳೆಯ ಚಿಕಿತ್ಸೆ ಈಗಾಗಲೇ ಇರುವ ರೋಗದಲ್ಲಿ ಬರೀ ಹುಸಿಗುಳಿಗೆ ಕೊಟ್ಟು ಕೂರಿಸುವುದಿಲ್ಲ. ಇಂಥ ಜೋಡಿ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಈಗಿನ ಚಿಕಿತ್ಸೆ ಮತ್ತು ಹೊಸ ಗುಳಿಗೆ, ಇನ್ನೊಂದಕ್ಕೆ ಈಗಿನ ಚಿಕಿತ್ಸೆ ಮತ್ತು ಅದೇ ಥರ ಕಾಣುವ ಹುಸಿಗುಳಿಗೆ. ಈಗಿನ ಚಿಕಿತ್ಸೆ ಇಬ್ಬರಿಗೂ ಉಂಟು. ಆ ಪುಟ ನಾವು ಮೂರು ಸಲ ಓದಿದೆವು.

## ಗೆದ್ದಿತು ಅನ್ನುವುದು ಯಾವಾಗ?

ಪೇಪರಿನಲ್ಲಿ "ಹೊಸ ಔಷಧದಿಂದ ಭಾರಿ ಯಶಸ್ಸು" ಎಂದು ಬಂದಾಗ ಯಾವ ಗಜಕಡ್ಡಿಯಿಂದ ಅಳೆದದ್ದು ಎಂದು ನೋಡಬೇಕು. ಮುಖ್ಯವಾಗಿ ಎರಡು ಗಜಕಡ್ಡಿ ಇವೆ.

ಒಂದು, ರೋಗ ಬೆಳೆಯದೆ ನಿಂತ ಕಾಲ. ಸ್ಕ್ಯಾನ್‌ನಲ್ಲಿ ಗಡ್ಡೆಗಳ ಅಳತೆ ಕೂಡಿಸಿ, ಅದು ಅತಿ ಕಡಿಮೆ ಇದ್ದಾಗಿನಕ್ಕಿಂತ ನೂರಕ್ಕೆ 20ರಷ್ಟು ಹೆಚ್ಚಿದರೆ, ಅಥವಾ ಹೊಸ ಗಡ್ಡೆ ಕಂಡರೆ, ರೋಗ ಬೆಳೆಯಿತು ಎಂದು ಬರೆಯುತ್ತಾರೆ. ಇನ್ನೊಂದು, ಒಟ್ಟು ಬದುಕಿದ ಕಾಲ. ಮೊದಲನೆಯದು ಬೇಗ ಗೊತ್ತಾಗುತ್ತದೆ. ಎರಡನೆಯದಕ್ಕೆ ವರ್ಷಗಟ್ಟಲೆ ಕಾಯಬೇಕು. ಒಂದು ಹೆಚ್ಚಿತು ಎಂದರೆ ಇನ್ನೊಂದೂ ಹೆಚ್ಚುತ್ತದೆ ಎಂಬ ಖಾತರಿ ಇಲ್ಲ.

ಬೆವಾಸಿಝುಮ್ಯಾಬ್ ಕತೆ ಕೇಳಿ. ಅದು ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧ. 722 ಹೆಂಗಸರ ಪರೀಕ್ಷೆಯಲ್ಲಿ ಅದನ್ನು ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕೂಡಿಸಿದಾಗ ರೋಗ ನಿಂತ ಕಾಲ 5.9 ತಿಂಗಳಿಂದ 11.8ಕ್ಕೆ ಹೋಯಿತು, ಸರಿಯಾಗಿ ಡಬಲ್! 2008ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಆದರೆ ಬದುಕಿದ ಕಾಲ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, 25.2 ತಿಂಗಳ ಎದುರು 26.7. ಮುಂದಿನ ಪರೀಕ್ಷೆಗಳಲ್ಲಿ ಮೊದಲಿನ ಲಾಭವೂ ಸಣ್ಣದಾಗಿ ಕಂಡಿತು, ರಕ್ತದೊತ್ತಡ ಏರುವುದು, ರಕ್ತಸ್ರಾವದಂಥ ಅಪಾಯ ಉಳಿದವು. 2011ರ ನವೆಂಬರಿನಲ್ಲಿ ಆ ಒಪ್ಪಿಗೆ ವಾಪಸ್ ಪಡೆದರು.

ಬೋರು-ವಾಲ್ವಿನ ಜೋಡಿಗೆ ಬರೋಣ. ಪಾಲ್ಬೊಸಿಕ್ಲಿಬ್ ಕೂಡಿಸಿದ 666 ಹೆಂಗಸರ ಪರೀಕ್ಷೆಯಲ್ಲಿ ರೋಗ ನಿಂತ ಕಾಲ 14.5 ತಿಂಗಳಿಂದ 24.8ಕ್ಕೆ ಏರಿತು. ಹತ್ತು ತಿಂಗಳು ಹೆಚ್ಚು, ಅದೂ ಹೆಚ್ಚಿನವರು ಮನೆಯಲ್ಲೇ ಗುಳಿಗೆ ನುಂಗಿಕೊಂಡು. ಆದರೆ ಒಟ್ಟು ಬದುಕಿದ ಕಾಲದಲ್ಲಿ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಅದೇ ಗುಂಪಿನ ರೈಬೊಸಿಕ್ಲಿಬ್‌ನ 668 ಹೆಂಗಸರ ಪರೀಕ್ಷೆಯಲ್ಲಿ ಮಾತ್ರ ಬದುಕಿದ ಕಾಲ 51.4 ತಿಂಗಳಿಂದ 63.9ಕ್ಕೆ ಏರಿತು. ಇಷ್ಟರಿಂದ ಒಂದು ಸೋತಿತು, ಇನ್ನೊಂದು ಗೆದ್ದಿತು ಎನ್ನಲು ಬರುವುದಿಲ್ಲ. ಇವೆರಡು ಬೇರೆ ಬೇರೆ ಪರೀಕ್ಷೆ, ಮತ್ತು ಮೊದಲನೆಯದರಲ್ಲಿ ಹಲವರ ಮಾಹಿತಿ ಕೊನೆತನಕ ಸಿಕ್ಕಿರಲಿಲ್ಲ.

ಹರ್-2 ಜಾತಿಯಲ್ಲಿ ಎರಡು ಗಜಕಡ್ಡಿಗೂ ಗೆದ್ದ ಜೋಡಿ ಇದೆ. ಟ್ರಾಸ್ಟುಝುಮ್ಯಾಬ್ ಮತ್ತು ಡೊಸೆಟ್ಯಾಕ್ಸೆಲ್ ಎಂಬ ಕಿಮೋಗೆ ಪರ್ಟುಝುಮ್ಯಾಬ್ ಎಂಬ ಇನ್ನೊಂದು ಇಂಜೆಕ್ಷನ್ ಕೂಡಿಸಿದ 808 ಜನರ ಪರೀಕ್ಷೆಯಲ್ಲಿ ಬದುಕಿದ ಕಾಲ 40.8 ತಿಂಗಳಿಂದ 56.5 ತಿಂಗಳಾಯಿತು. 2001ರ 25 ತಿಂಗಳು ನೆನಪಿದೆಯಲ್ಲ?

ಈ ತಿಂಗಳುಗಳನ್ನು ಯಾರದೇ ಜಾತಕದ ಹಾಗೆ ಓದಬಾರದು. 24.8 ಅಂದರೆ ಎಲ್ಲರಿಗೂ ಅಷ್ಟೇ ಅಂತಲ್ಲ, ಸರಾಸರಿಯೂ ಅಲ್ಲ. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನಡುವಿನವರ ಲೆಕ್ಕ ಅದು. ಐವತ್ತು ಜನರಿಗೆ ಅದಕ್ಕಿಂತ ಕಡಿಮೆ, ಐವತ್ತು ಜನರಿಗೆ ಜಾಸ್ತಿ, ಕೆಲವರಿಗೆ ಬಹಳ ಜಾಸ್ತಿ.

## ಸಹಿ ಹಾಕುವ ಮೊದಲು

ಭಾರತದಲ್ಲಿ ಹೊಸ ಔಷಧಗಳ ಪರೀಕ್ಷೆಗೆ 2019ರ ನಿಯಮಗಳಿವೆ. ಪ್ರತಿ ಪರೀಕ್ಷೆಯನ್ನೂ ಎಥಿಕ್ಸ್ ಕಮಿಟಿ ಒಪ್ಪಬೇಕು. ಅದರಲ್ಲಿ ಕನಿಷ್ಠ ಏಳು ಜನ, ಅವರಲ್ಲಿ ಕಾನೂನು ಬಲ್ಲವರು, ವೈದ್ಯರಲ್ಲದ ಸಾಮಾನ್ಯರು ಇರಬೇಕು, ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸಂಬಂಧವಿಲ್ಲದವರಾಗಿರಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು, ಓದಲು ಬಾರದಿದ್ದರೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಮುಂದೆ. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಎರಡಕ್ಕೂ ಹಕ್ಕಿದೆ. ನಡುವೆ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಸಿಟಿಆರ್‌ಐ ಎಂಬ ಸರಕಾರಿ ಜಾಲತಾಣದಲ್ಲಿ ಪರೀಕ್ಷೆ ನೋಂದಾಯಿಸುವುದು 2009ರಿಂದ ಕಡ್ಡಾಯ. ಕಾಗದದ ಮೇಲೆ ಆ ನಂಬರ್ ಇದ್ದರೆ ಮೊಬೈಲಿನಲ್ಲೇ ಹುಡುಕಬಹುದು. ನಮ್ಮ ಹುಡುಗ ಎರಡು ನಿಮಿಷದಲ್ಲಿ ಹುಡುಕಿ ತೆಗೆದ.

ಅಡ್ಡಪರಿಣಾಮದ ಪಟ್ಟಿ ಉದ್ದ ಇರುತ್ತದೆ, ಹೆದರಿಕೆ ಆಗುತ್ತದೆ. ಅಲ್ಲಿ ಕೇಳಬೇಕಾದದ್ದು ಯಾವುದು ಪದೇ ಪದೇ ಕಾಣುತ್ತದೆ, ಯಾವುದಕ್ಕೆ ತಕ್ಷಣ ದವಾಖಾನೆಗೆ ಓಡಬೇಕು ಎಂದು. ಪಾಲ್ಬೊಸಿಕ್ಲಿಬ್ ಪರೀಕ್ಷೆಯಲ್ಲಿ ನೂರಕ್ಕೆ 66 ಜನರಲ್ಲಿ ಸೋಂಕು ತಡೆಯುವ ಬಿಳಿರಕ್ತಕಣ ತೀರಾ ಇಳಿದಿತ್ತು. ಹಾಗಾಗಿ ಆ ಗುಳಿಗೆಯನ್ನು 21 ದಿನ ಕೊಟ್ಟು 7 ದಿನ ಬಿಡುತ್ತಾರೆ, ರಕ್ತಪರೀಕ್ಷೆ ಮಾಡುತ್ತಿರುತ್ತಾರೆ. ಜ್ವರ ಬಂದರೆ ಕಷಾಯ ಕುಡಿದು ಎರಡು ದಿನ ನೋಡೋಣ ಅನ್ನುವಂತಿಲ್ಲ.

## ದುಡ್ಡಿನ ಮಾತು

ಪರೀಕ್ಷೆಯಲ್ಲಿ ಹೊಸ ಔಷಧಕ್ಕೆ ರೋಗಿ ದುಡ್ಡು ಕೊಡುವಂತಿರುವುದಿಲ್ಲ. ಪರೀಕ್ಷೆ ಮುಗಿದ ಮೇಲೂ ಅದು ಸಿಗುತ್ತದಾ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗೆದ್ದ ಜೋಡಿ ಮಾರುಕಟ್ಟೆಗೆ ಬಂದಾಗ ಬೆಲೆ ಕೈಗೆ ಎಟುಕದಿರಬಹುದು, ಆದರೆ ಅದು ಅಲ್ಲೇ ನಿಲ್ಲುವುದಿಲ್ಲ. ಟ್ರಾಸ್ಟುಝುಮ್ಯಾಬ್‌ಗೆ ಸಮನಾದ ಅಗ್ಗದ ಔಷಧವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರಾಟಕ್ಕೆ ತಂದಿತು. ಪಾಲ್ಬೊಸಿಕ್ಲಿಬ್ ಪೇಟೆಂಟ್ 2023ರಲ್ಲಿ ಮುಗಿದ ಮೇಲೆ ನಮ್ಮ ಕಂಪನಿಗಳೇ ತಯಾರಿಸಿ ಬೆಲೆ ಬಹಳ ಇಳಿಯಿತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಯಾವ ಔಷಧ ಅದರಲ್ಲಿ ಬರುತ್ತದೆ ಎಂದು ದವಾಖಾನೆಯ ಯೋಜನೆ ಕೌಂಟರಿನಲ್ಲೇ ಕೇಳಬೇಕು.

ಎಲ್ಲ ಓದಿ ಮುಗಿಸಿದಾಗ ರಾತ್ರಿ ಒಂಬತ್ತಾಗಿತ್ತು. ವೈನಿ ಮರುದಿನ ಡಾಕ್ಟರಿಗೆ ಕೇಳಲು ಐದು ಪ್ರಶ್ನೆ ಬರೆಸಿಕೊಂಡರು. ನಾಲ್ಕು ನಾನು ಹೇಳಿದ್ದು, ಗಜಕಡ್ಡಿ, ಹೃದಯ, ರಕ್ತಪರೀಕ್ಷೆ ಇತ್ಯಾದಿ. ಐದನೆಯದು ಅವರದೇ. "ತಿಂಗಳಿಗೆ ಎರಡು ಸಲ ಬ್ಯಾಡಗಿಯಿಂದ ಬರಬೇಕಲ್ಲ, ನನ್ನ ಬಸ್ಸು ಫ್ರೀ ಐತಿ, ಜೋಡಿ ಬರಾಂವಂದು ಚಾರ್ಜು ಯಾರು ಕೊಡ್ತಾರ?" ಕಾಗದ ಮತ್ತೆ ತೆಗೆದು ನೋಡಿದೆವು. ರೋಗಿಯ ಪ್ರಯಾಣದ ಖರ್ಚಿನ ಬಗ್ಗೆ ಹನ್ನೊಂದನೇ ಪುಟದಲ್ಲಿ ಒಂದು ಸಾಲು ಇತ್ತು. ಜೊತೆಗೆ ಬರುವವರ ಬಗ್ಗೆ ಏನೂ ಇರಲಿಲ್ಲ.